ಗದ್ದಲ ಅಂತ ಬದಿಗಿಟ್ಟಿದ್ದ ಕೋಶಗಳು

ಲಾಗ್ ಫೈಲಿನಲ್ಲಿ ಪದೇ ಪದೇ ಕಾಣುವ ಎಚ್ಚರಿಕೆಯ ಸಾಲುಗಳನ್ನು ನಾವು ಸಾಫ್ಟ್‌ವೇರ್ ಜನ "ಅದು ಯಾವಾಗಲೂ ಬರುತ್ತೆ ಬಿಡು" ಅಂತ ದಾಟಿಬಿಡುತ್ತೇವೆ. ಹೋದ ತಿಂಗಳು ಹಾಗೆ ದಾಟಿದ ಒಂದು ಸಾಲೇ ನನ್ನ ಎರಡು ರಾತ್ರಿಯ ನಿದ್ದೆ ಕೆಡಿಸಿತು. ಆಗ ನೆನಪಾಗಿದ್ದು ಈ ಕತೆ. ನಾನು ಓದಿದ್ದು ಇಂಜಿನಿಯರಿಂಗು, ತಪ್ಪಿದ್ದರೆ ಬಲ್ಲವರು ತಿದ್ದಿ.

1970ರ ದಶಕದ ಆರಂಭ. ರಕ್ತದ ಬಿಳಿ ಕಣಗಳು ಕ್ಯಾನ್ಸರ್ ಕೋಶಗಳನ್ನು ಹೇಗೆ ಕೊಲ್ಲುತ್ತವೆ ಅಂತ ಪ್ರಯೋಗಗಳು ನಡೆಯುತ್ತಿದ್ದವು. ಆ ಕ್ಯಾನ್ಸರಿನ ಪರಿಚಯ ಇರುವ ಕಣಗಳು ಕೊಲ್ಲಬೇಕು, ಇಲ್ಲದವು ಸುಮ್ಮನಿರಬೇಕು, ಇದು ಲೆಕ್ಕ. ಆದರೆ ಹೋಲಿಕೆಗೆಂದು ಇಟ್ಟಿದ್ದ ಆರೋಗ್ಯವಂತ ಇಲಿಗಳ ಕಣಗಳೂ ಕೊಲ್ಲುತ್ತಿದ್ದವು! ಹಲವರು ಇದನ್ನು ಪ್ರಯೋಗದ ಗದ್ದಲ ಅಂತ ಬದಿಗಿಟ್ಟರು. 1975ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ರಾಲ್ಫ್ ಕೀಸ್ಲಿಂಗ್, ಇವಾ ಕ್ಲೈನ್, ಹಾನ್ಸ್ ವಿಗ್ಸೆಲ್, ಅತ್ತ ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್ಮನ್ ತಂಡ, ಇದು ಬೇರೆಯೇ ಬಗೆಯ ಕೋಶದ ಕೆಲಸ ಅಂತ ತೋರಿಸಿದರು. ಯಾರೂ ಕಲಿಸದೆಯೇ ಕೊಲ್ಲುವುದರಿಂದ 'ನ್ಯಾಚುರಲ್ ಕಿಲ್ಲರ್' ಅಂತ ಹೆಸರಾಯಿತು.

ಸರಿ, ಯಾರನ್ನು ಕೊಲ್ಲಬೇಕು ಅಂತ ಇವಕ್ಕೆ ತಿಳಿಯುವುದು ಹೇಗೆ? ಅದೇ ಸಂಸ್ಥೆಯ ಕ್ಲಾಸ್ ಕೆರ್ರೆ 1981ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತಲೆಕೆಳಗಾದ ಉತ್ತರ ಕೊಟ್ಟರು. ನಮ್ಮ ಕೋಶಗಳ ಮೈಮೇಲೆ ಗುರುತಿನ ಚೀಟಿಯಂಥ ಪ್ರೋಟೀನುಗಳಿವೆ. ಮನುಷ್ಯರಲ್ಲಿ ಅವನ್ನು ಎಚ್‌ಎಲ್‌ಎ ಅನ್ನುತ್ತಾರೆ. ಈ ಕಾವಲುಗಾರ ಶತ್ರುವಿನ ಮುಖ ಹುಡುಕುವುದಿಲ್ಲ, ಚೀಟಿ ಇಲ್ಲದವರನ್ನು ಹಿಡಿಯುತ್ತಾನೆ. 1986ರಲ್ಲಿ ಇಲಿಗಳ ಮೇಲಿನ ಪ್ರಯೋಗ ಇದಕ್ಕೆ ಬಲ ಕೊಟ್ಟಿತು. ಸೋವಿಯತ್ ಜಲಾಂತರ್ಗಾಮಿಯೊಂದು ಸ್ವೀಡನ್ ತೀರದಲ್ಲಿ ಸಿಕ್ಕಿಬಿದ್ದದ್ದೂ 1981ರಲ್ಲೇ. ಮುಂದೆ 1997ರಲ್ಲಿ ಕೆರ್ರೆ ಬರೆದ ಲೇಖನದ ಹೆಸರೇನು ಗೊತ್ತೆ? 'ವಿದೇಶಿ ಜಲಾಂತರ್ಗಾಮಿಯನ್ನು ಗುರುತಿಸುವುದು ಹೇಗೆ'!

ಈಗ ಎಚ್‌ಐವಿಗೆ ಬರೋಣ. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪತ್ತೆಯಾದ ವೈರಸ್ಸಿದು. ಟಿ ಕೋಶಗಳೆಂಬ ಇನ್ನೊಂದು ಪಡೆ ಇದೆಯಲ್ಲ, ಅದು ಚೀಟಿಯಲ್ಲಿ ಸಿಕ್ಕಿಕೊಂಡ ವೈರಸ್ಸಿನ ಚೂರನ್ನು ಓದಿ ಸೋಂಕಿತ ಕೋಶವನ್ನು ಕೊಲ್ಲುತ್ತದೆ. ಅದಕ್ಕೇ ಎಚ್‌ಐವಿಯ 'ನೆಫ್' ಎಂಬ ಪ್ರೋಟೀನು ಚೀಟಿಗಳನ್ನೇ ಒಳಗೆ ಎಳೆದುಬಿಡುತ್ತದೆ ಅಂತ 1996ರಲ್ಲಿ ಗೊತ್ತಾಯಿತು. ಹಾಗಾದರೆ ನ್ಯಾಚುರಲ್ ಕಿಲ್ಲರ್ ಕೈಗೆ ಸಿಗಬೇಕಲ್ಲ? ಸಿಗುವುದಿಲ್ಲ ನೋಡಿ! 1999ರಲ್ಲಿ ಡೇವಿಡ್ ಬಾಲ್ಟಿಮೋರ್ ಮತ್ತು ಜೊತೆಗಾರರು ತೋರಿಸಿದ್ದು: ನೆಫ್ ಎ ಮತ್ತು ಬಿ ಚೀಟಿಗಳನ್ನಷ್ಟೇ ತೆಗೆಯುತ್ತದೆ, ಸಿ ಮತ್ತು ಇ ಚೀಟಿಗಳನ್ನು ಮುಟ್ಟುವುದಿಲ್ಲ. ಅಷ್ಟಿದ್ದರೆ ಈ ಕಾವಲುಗಾರನಿಗೆ ಸಮಾಧಾನ. (ಹಲವು ತಳಿಗಳು 'ವಿಪಿಯು' ಎಂಬ ಪ್ರೋಟೀನಿನಿಂದ ಸಿಯನ್ನೂ ಇಳಿಸುತ್ತವೆ ಅಂತ 2016ರಲ್ಲಿ ತಿಳಿಯಿತು. ಕತೆ ಅಷ್ಟು ಸರಳವಲ್ಲ.)

ಆದರೂ ಕಾವಲುಗಾರ ಪೂರ್ತಿ ಸೋತಿಲ್ಲ. ಈ ಕೋಶಗಳ ಒಂದು ಗ್ರಾಹಕದ ಜೀನು ಮತ್ತು ಒಂದು ಬಗೆಯ ಎಚ್‌ಎಲ್‌ಎ-ಬಿ ಎರಡೂ ಇದ್ದವರಲ್ಲಿ ಏಡ್ಸ್ ನಿಧಾನವಾಗಿ ಬರುತ್ತದೆಂದು 2002ರಲ್ಲಿ ಮೇರಿ ಕ್ಯಾರಿಂಗ್ಟನ್ ತಂಡ ಬರೆಯಿತು. 2011ರಲ್ಲಿ ಗಲಿತ್ ಆಲ್ಟರ್, ಮಾರ್ಕಸ್ ಆಲ್ಟ್‌ಫೆಲ್ಡ್ ತಂಡ, ಈ ಕೋಶಗಳ ಕಾಟಕ್ಕೆ ವೈರಸ್ಸು ತನ್ನನ್ನೇ ಬದಲಿಸಿಕೊಳ್ಳುವ ಗುರುತುಗಳನ್ನು ಕಂಡಿತು. ಕಾಟವೇ ಇಲ್ಲದಿದ್ದರೆ ಅದು ಯಾಕೆ ವೇಷ ಬದಲಿಸಬೇಕು?

ಮಾತ್ರೆಗಳು ಎಚ್‌ಐವಿಯನ್ನು ತಡೆದಿಡುತ್ತವೆ, ಅಡಗಿ ಕೂತದ್ದನ್ನು ಅಳಿಸುವುದಿಲ್ಲ. ಅದಕ್ಕೇ ಜೀವನಪೂರ್ತಿ ಮಾತ್ರೆ. ಅಡಗಿದ್ದನ್ನು ಹುಡುಕಿ ಕೊಲ್ಲಲು ಈ ಕೋಶಗಳನ್ನು ಬಳಸಬಹುದೇ ಅಂತ ಸಂಶೋಧನೆ ನಡೆದಿದೆ. ಕೋಟ್ಯಂತರ ಜನರ ಮಟ್ಟಿಗೆ ಅದು ಸಣ್ಣ ಪ್ರಶ್ನೆಯಲ್ಲ. ಆ ಹೋಲಿಕೆಯ ಇಲಿಗಳ ಅಂಕಿಗಳನ್ನು ಎಲ್ಲರೂ "ಅದು ಯಾವಾಗಲೂ ಬರುತ್ತೆ ಬಿಡು" ಅಂದಿದ್ದರೆ?

ನಾನಂತೂ ಈಗ ಎಚ್ಚರಿಕೆಯ ಸಾಲುಗಳನ್ನು ಓದುತ್ತಿದ್ದೇನೆ.