ಪೆರಿ ವ್ಯಾಲೇಸ್: ಓದಲೆಂದು ಆಡಿದವನು

1966ರ ಮಾರ್ಚ್ 19 ಅಮೆರಿಕದ ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ದೊಡ್ಡ ದಿನ. ಅಂದು ಟೆಕ್ಸಸ್ ವೆಸ್ಟರ್ನ್ ಕಾಲೇಜು ಐವರು ಕಪ್ಪು ಆಟಗಾರರೊಂದಿಗೆ ಆಟ ಆರಂಭಿಸಿ, ಬಿಳಿಯರಷ್ಟೇ ಇದ್ದ ಕೆಂಟಕಿ ವಿಶ್ವವಿದ್ಯಾಲಯದ ತಂಡವನ್ನು 72-65ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದೇ ದಿನ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ಇನ್ನೊಂದು ಪಂದ್ಯ ನಡೆಯಿತು. ಕಪ್ಪು ಮಕ್ಕಳ ಶಾಲೆಯಾದ ಪರ್ಲ್ ಹೈಸ್ಕೂಲು ರಾಜ್ಯ ಚಾಂಪಿಯನ್ ಆಯಿತು. ಬಿಳಿಯರ ಶಾಲೆಗಳೂ ಕಪ್ಪು ಶಾಲೆಗಳೂ ಒಟ್ಟಿಗೆ ಆಡಿದ ಮೊದಲ ರಾಜ್ಯ ಪಂದ್ಯಾವಳಿ ಅದು. ಪರ್ಲ್ ಆ ವರ್ಷ ಒಂದೂ ಪಂದ್ಯ ಸೋತಿರಲಿಲ್ಲ. ಮೊದಲ ಪಂದ್ಯವನ್ನು ಜಗತ್ತು ನೆನಪಿಟ್ಟುಕೊಂಡಿದೆ. ಎರಡನೆಯದರಲ್ಲಿ ಆಡಿದ ಒಬ್ಬ ಹುಡುಗನ ಕಥೆ ಇಲ್ಲಿದೆ.

ಅವನ ಹೆಸರು ಪೆರಿ ವ್ಯಾಲೇಸ್. ಆರು ಮಕ್ಕಳಲ್ಲಿ ಕಿರಿಯವನು. ತಂದೆಯದು ಇಟ್ಟಿಗೆಯ ಕೆಲಸ, ತಾಯಿಯದು ಕಚೇರಿಗಳನ್ನು ಗುಡಿಸಿ ಒರೆಸುವ ಕೆಲಸ. ಹುಡುಗ ಟ್ರಂಪೆಟ್ ನುಡಿಸುತ್ತಿದ್ದ, ಗಣಿತ ಇಷ್ಟಪಡುತ್ತಿದ್ದ, ಶಾಲೆಗೇ ಮೊದಲಿಗನಾಗಿ ತೇರ್ಗಡೆಯಾದ. ಆರಡಿ ಐದಂಗುಲ ಎತ್ತರದ ಅವನು ನೆಗೆದು ಚೆಂಡನ್ನು ಬುಟ್ಟಿಯೊಳಕ್ಕೆ ತುರುಕುವ ‘ಡಂಕ್’ ಹೊಡೆತಕ್ಕೆ ಊರಿಗೇ ಹೆಸರಾಗಿದ್ದ. ಅವನಿಗೆ ಇಂಜಿನಿಯರ್ ಆಗಬೇಕಿತ್ತು. ಅದಕ್ಕೆ ಬೇಕಾದ ಹಣ ಮನೆಯಲ್ಲಿರಲಿಲ್ಲ. ಕೈಯಲ್ಲಿ ಚೆಂಡಿತ್ತು.

ದೇಶದ ಹತ್ತಾರು ಕಾಲೇಜುಗಳು ಅವನನ್ನು ಕರೆದವು. ದಕ್ಷಿಣದ ದ್ವೇಷದಿಂದ ದೂರ ಹೋಗಲು ಉತ್ತರದ ಯಾವುದಾದರೂ ಕಾಲೇಜನ್ನು ಆರಿಸಬಹುದಿತ್ತು. ಕೊನೆಗೆ ಅವನು ಒಪ್ಪಿದ್ದು ತನ್ನದೇ ಊರಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವನ್ನು. ಪರ್ಲ್ ರಾಜ್ಯ ಪ್ರಶಸ್ತಿ ಗೆದ್ದದ್ದೂ ಆ ವಿಶ್ವವಿದ್ಯಾಲಯದ ಅಂಗಣದಲ್ಲೇ. ಇದೇ ಸಂಸ್ಥೆ 1960ರಲ್ಲಿ ಜೇಮ್ಸ್ ಲಾಸನ್ ಎಂಬ ಕಪ್ಪು ವಿದ್ಯಾರ್ಥಿಯನ್ನು ಹೊರಹಾಕಿತ್ತು. ಬಿಳಿಯರಿಗಷ್ಟೇ ಊಟ ಬಡಿಸುತ್ತಿದ್ದ ಹೋಟೆಲುಗಳಲ್ಲಿ ಕುಳಿತು ಪ್ರತಿಭಟಿಸಲು ಅವರು ಯುವಕರಿಗೆ ಗಾಂಧೀಜಿಯ ಅಹಿಂಸೆಯನ್ನು ಕಲಿಸಿದ್ದರು. ಆಗ ವ್ಯಾಲೇಸ್‌ಗೆ ಹನ್ನೆರಡು ವರ್ಷ.

ವ್ಯಾಂಡರ್‌ಬಿಲ್ಟ್ ಆಡುತ್ತಿದ್ದುದು ಆಗ್ನೇಯ ರಾಜ್ಯಗಳ ಕಾಲೇಜುಗಳ ಒಕ್ಕೂಟದಲ್ಲಿ. ಅಲ್ಲಿ ಅದುವರೆಗೆ ಒಬ್ಬ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರನೂ ಇರಲಿಲ್ಲ. ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತಿಲ್ಲ ಎಂಬ ನಿಯಮವಿದ್ದುದರಿಂದ ವ್ಯಾಲೇಸ್ ಕಿರಿಯರ ತಂಡದಲ್ಲಿ ಆಡಿದ. ಜೊತೆಗೆ ಡೆಟ್ರಾಯಿಟ್‌ನಿಂದ ಬಂದ ಗಾಡ್‌ಫ್ರೀ ಡಿಲ್ಲರ್ಡ್ ಎಂಬ ಇನ್ನೊಬ್ಬ ಕಪ್ಪು ಹುಡುಗನಿದ್ದ. ಮಿಸಿಸಿಪಿಯ ಒಂದು ಪಂದ್ಯದಲ್ಲಿ ಪ್ರೇಕ್ಷಕರ ಬೈಗುಳ ಕೇಳಿ ಬಂದ ಇಬ್ಬರೂ ವಿರಾಮದ ವೇಳೆ ಒಳಕೋಣೆಯಲ್ಲಿ ಒಬ್ಬರ ಕೈಯನ್ನೊಬ್ಬರು ಹಿಡಿದು ಕುಳಿತಿದ್ದರು. ಮಂಡಿಗೆ ಪೆಟ್ಟಾಗಿ ಡಿಲ್ಲರ್ಡ್ ಹಿಂದುಳಿದ, ಆಮೇಲೆ ಬೇರೆ ಕಾಲೇಜು ಸೇರಿದ. 1967ರ ಡಿಸೆಂಬರಿನಲ್ಲಿ ಮುಖ್ಯ ತಂಡಕ್ಕೆ ಇಳಿಯುವಾಗ ವ್ಯಾಲೇಸ್ ಒಬ್ಬನೇ. ಅವನ ದೊಡ್ಡ ಅಸ್ತ್ರವಾಗಿದ್ದ ಡಂಕನ್ನು ಕಾಲೇಜು ಆಟದಲ್ಲಿ ನಿಷೇಧಿಸಿದ್ದೂ ಆ ವರ್ಷವೇ.

1968ರ ಫೆಬ್ರವರಿಯಲ್ಲಿ ಮಿಸಿಸಿಪಿಯ ಆಕ್ಸ್‌ಫರ್ಡ್‌ನಲ್ಲಿ ಆಡುವಾಗ ಅವನ ಕಣ್ಣಿಗೆ ಏಟು ಬಿತ್ತು. ವಿರಾಮದಲ್ಲಿ ಅದಕ್ಕೆ ಚಿಕಿತ್ಸೆ ನಡೆಯುತ್ತಿದ್ದಾಗ ತಂಡದವರು ಅಂಗಣಕ್ಕೆ ಮರಳಿದ್ದರು. ಅವನು ಕೂಗುವ ಜನರ ಮುಂದೆ ಒಂಟಿಯಾಗಿ ನಡೆದು ಬಂದ. ತನ್ನ ಜೊತೆ ಬರಲು ಒಬ್ಬರೂ ನಿಲ್ಲಲಿಲ್ಲವಲ್ಲ ಎಂಬ ಆ ಕ್ಷಣವನ್ನು ವ್ಯಾಲೇಸ್ ಮುಂದೆ ಮತ್ತೆ ಮತ್ತೆ ನೆನೆದರು. ಬೈದವರು ಅಪರಿಚಿತರು, ಜೊತೆಗೆ ನಿಲ್ಲದವರು ತಮ್ಮವರು. ಎರಡನೆಯ ನೋವಿಗೆ ಔಷಧ ಕಷ್ಟ.

ಆದರೂ ಅವರು ಬಿಟ್ಟು ಹೋಗಲಿಲ್ಲ. ತಂಡದ ನಾಯಕರಾದರು. 1970ರಲ್ಲಿ ಇಂಜಿನಿಯರಿಂಗ್ ಪದವಿಯನ್ನೂ ಪಡೆದರು. ಕೊನೆಯ ಪಂದ್ಯ ಮುಗಿಯುತ್ತಲೇ ‘ದಿ ಟೆನೆಸಿಯನ್’ ಪತ್ರಿಕೆಗೆ ತಮ್ಮ ನಾಲ್ಕು ವರ್ಷಗಳ ಒಂಟಿತನವನ್ನು ಮುಚ್ಚಿಡದೆ ಹೇಳಿದರು. ಅಂಗಣದಲ್ಲಿ ಚಪ್ಪಾಳೆ ತಟ್ಟಿದ್ದ ಊರಿನ ಹಲವರಿಗೆ ಅದು ಕೃತಘ್ನತೆಯಾಗಿ ಕಂಡಿತು. ವ್ಯಾಲೇಸ್ ನ್ಯಾಶ್‌ವಿಲ್ ಬಿಟ್ಟರು. 1975ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದು, ಮುಂದೆ ವಾಷಿಂಗ್ಟನ್‌ನಲ್ಲಿ ಕಾನೂನು ಪ್ರಾಧ್ಯಾಪಕರಾದರು. ವ್ಯಾಂಡರ್‌ಬಿಲ್ಟ್ ಅವರ 25ನೇ ಸಂಖ್ಯೆಯ ಅಂಗಿಗೆ ಗೌರವದ ನಿವೃತ್ತಿ ಕೊಟ್ಟದ್ದು 2004ರಲ್ಲಿ. 2017ರ ಡಿಸೆಂಬರ್ 1ರಂದು ಅವರು ತೀರಿಕೊಂಡರು.

‘ಮೊದಲಿಗ’ ಎಂಬ ಪದವನ್ನು ಚರಿತ್ರೆ ಪದಕದಂತೆ ತೊಡಿಸುತ್ತದೆ. ಆ ಹುಡುಗ ಕೇಳಿದ್ದು ಪದಕವನ್ನಲ್ಲ. ಊರಿನ ಒಳ್ಳೆಯ ಕಾಲೇಜಿನಲ್ಲಿ ಒಂದು ಸೀಟನ್ನು. ಬಿಳಿಯ ಸಹಪಾಠಿಗೆ ಅದು ಬರೀ ಪ್ರವೇಶವಾಗಿತ್ತು. ವ್ಯಾಲೇಸ್‌ಗೆ ಮಾತ್ರ ಹದಿನೆಂಟನೇ ವಯಸ್ಸಿಗೆ ಒಂದು ಜನಾಂಗದ ಭಾರ ಹೊರುವ ಕೆಲಸವಾಯಿತು. ಬಾಗಿಲು ತೆರೆದ ವಿಶ್ವವಿದ್ಯಾಲಯವನ್ನು ನಾವು ಹೊಗಳಬಹುದು. ಒಳಗೆ ಬಂದವನ ಪಕ್ಕದಲ್ಲಿ ಯಾರು ಕುಳಿತರು ಎಂದೂ ಕೇಳಬೇಕು.