ಮಣ್ಣೆತ್ತು, ಮುರಿದ ಶಿಲೆ ಮತ್ತು ಗಾಳಿಯ ಜೇಡಿ

ನನ್ನೊಡನೆ ಹಂಪಿಯ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ಶಿಷ್ಯರಿಗೆ ಒಂದು ಪ್ರಶ್ನೆ ನೆನಪಿರಬಹುದು. ಉಗ್ರನರಸಿಂಹನ ಎದುರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಈ ವಿಗ್ರಹದಲ್ಲಿ ಎಷ್ಟು ಮಂದಿ ಇದ್ದಾರೆ?” ಎಂದು ಕೇಳುತ್ತಿದ್ದೆ. “ಒಬ್ಬನೇ ಸರ್” ಎಂಬ ಉತ್ತರ ಒಕ್ಕೊರಲಿನಿಂದ ಬರುತ್ತಿತ್ತು. ಆಗ, ಬದಿಗೆ ಸರಿದು ದೇವರ ಬೆನ್ನಿನ ಕಡೆ ನೋಡಿರೆಂದು ಹೇಳುತ್ತಿದ್ದೆ. ಅಲ್ಲಿ ಒಂದು ಪುಟ್ಟ ಕೈ ನರಸಿಂಹನನ್ನು ಬಳಸಿ ಹಿಡಿದಿದೆ. ಆ ಕೈ ಲಕ್ಷ್ಮಿಯದು. ತೊಡೆಯ ಮೇಲೆ ಕುಳಿತಿದ್ದ ದೇವಿ ಹೋಗಿದ್ದಾಳೆ, ಅವಳ ಅಪ್ಪುಗೆ ಮಾತ್ರ ಉಳಿದಿದೆ. ಗದ್ದಲ ಮಾಡುತ್ತಿದ್ದ ಹುಡುಗರೂ ಅಲ್ಲಿ ಒಂದು ಕ್ಷಣ ಮೌನವಾಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ಈ ಹಳೆಯ ಪ್ರಶ್ನೆ ಮತ್ತೆ ನನ್ನನ್ನು ಕಾಡಲು ಕಾರಣನಾದವನು ನಮ್ಮ ಬಂಧುಗಳ ಮಗ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಒಂದು ಭಾನುವಾರ ಅವನು ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದ ದಪ್ಪ ಕನ್ನಡಕವೊಂದನ್ನು ನನ್ನ ತಲೆಗೆ ಬಿಗಿದು, ಎರಡೂ ಕೈಗಳಿಗೆ ಹಿಡಿಕೆಗಳನ್ನು ಕೊಟ್ಟು, “ಅಜ್ಜಾ, ಇದರೊಳಗೆ ಮೂರ್ತಿ ಮಾಡಬಹುದು, ಮಾಡಿ ನೋಡಿ” ಎಂದ.

ಇತಿಹಾಸದ ಮಾಸ್ತರನಿಗೆ ಯಾವ ವಸ್ತುವನ್ನು ಕಂಡರೂ ಅದರ ವಂಶಾವಳಿ ಬೇಕು. ಹುಡುಕಿ ಓದಿದೆ. ಅಮೆರಿಕದ ಐವನ್ ಸದರ್ಲೆಂಡ್ ಎಂಬ ವಿಜ್ಞಾನಿ 1968ರಲ್ಲಿಯೇ ತಲೆಗೆ ಧರಿಸುವ ಇಂಥ ದರ್ಶಕವನ್ನು ನಿರ್ಮಿಸಿದ್ದರು. ತಲೆ ತಿರುಗಿಸಿದಂತೆ ಕಣ್ಣೆದುರಿನ ಗೆರೆಗಳ ಚಿತ್ರವೂ ಬದಲಾಗುತ್ತಿತ್ತು. ಸಲಕರಣೆ ಭಾರವಾಗಿದ್ದುದರಿಂದ ಅದನ್ನು ಚಾವಣಿಯಿಂದ ಇಳಿಬಿಡಬೇಕಾಗಿತ್ತು. ಅಂಥ ಲೋಕದೊಳಗೆ ಕೈಯಾಡಿಸಿ ಮೂರ್ತಿ ಮಾಡುವ ‘ಮೀಡಿಯಂ’ ಎಂಬ ತಂತ್ರಾಂಶ ಆಕ್ಯುಲಸ್ ಸಂಸ್ಥೆಯಿಂದ 2016ರ ಡಿಸೆಂಬರಿನಲ್ಲಿ ಹೊರಬಂದಿತು. 2019ರಲ್ಲಿ ಅದನ್ನು ಅಡೋಬಿ ಸಂಸ್ಥೆ ಕೊಂಡಿತು. ಹುಡುಗ ನನಗೆ ಕಲಿಸಿದ್ದು ಅದನ್ನೇ.

ಮೊದಲು ಏನು ಮಾಡುವುದು? ನನ್ನ ಕೈಗೆ ಗೊತ್ತಿದ್ದ ಶಿಲ್ಪ ಒಂದೇ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು! ಬಾಲ್ಯದಲ್ಲಿ ಕೆರೆಯ ಮಣ್ಣು ತಂದು, ನಾದಿ, ಜೋಡೆತ್ತು ಮಾಡುತ್ತಿದ್ದೆವು. ಮಣ್ಣು ಹಸಿಯಾದರೆ ಕಾಲು ಕುಸಿಯುತ್ತಿತ್ತು, ಒಣಗಿದರೆ ಕೊಂಬು ಬಿರಿಯುತ್ತಿತ್ತು. “ಎತ್ತಿನ ಹೊಟ್ಟೆ ಎಷ್ಟು ದೊಡ್ಡದಿರಬೇಕೆಂದು ಅದರ ಕಾಲನ್ನು ಕೇಳು” ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

ಕನ್ನಡಕದೊಳಗಿನ ಜೇಡಿಗೆ ಇಂಥ ಯಾವ ಹಂಗೂ ಇಲ್ಲ. ಗುಂಡಿಯನ್ನೊತ್ತಿ ಕೈ ಬೀಸಿದರೆ ಗಾಳಿಯಲ್ಲಿ ಜೇಡಿ ಮೂಡುತ್ತದೆ. ಕನ್ನಡಿಯ ಉಪಕರಣವನ್ನು ಆರಿಸಿಕೊಂಡರೆ ಎಡಗೊಂಬು ಮಾಡುವಾಗ ಬಲಗೊಂಬು ತಾನಾಗಿ ಬೆಳೆಯುತ್ತದೆ. ತಪ್ಪಿದರೆ ಒಂದೇ ಒತ್ತಿಗೆ ಹಿಂದಕ್ಕೆ ಹೋಗಬಹುದು. ನನ್ನ ಎತ್ತು ಕಾಲುಗಳಿಲ್ಲದೆಯೇ ಅರ್ಧ ಗಂಟೆ ಅಂತರಿಕ್ಷದಲ್ಲಿ ನಿಂತಿತ್ತು. ಆದರೆ ಒತ್ತಿದ ಬೆರಳಿಗೆ ಎದುರೊತ್ತು ಬರುವುದಿಲ್ಲ. ಜೇಡಿ ಎಲ್ಲಿ ಆರಂಭವಾಗುತ್ತದೆಂದು ಕಣ್ಣು ಹೇಳಬೇಕೇ ಹೊರತು ಕೈ ಹೇಳದು. ಈ ಕೊರತೆಯನ್ನು ಬಲ್ಲವರು ಮೊದಲೇ ಗುರುತಿಸಿದ್ದರು. 1990ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ‘ಫ್ಯಾಂಟಮ್’ ಎಂಬ ಯಂತ್ರತೋಳು ರೂಪುಗೊಂಡಿತು. ಅದರ ತುದಿಯನ್ನು ಹಿಡಿದು, ಇಲ್ಲದ ವಸ್ತುವನ್ನು ಒತ್ತಿದರೆ ಅದು ಕೈಯನ್ನು ತಡೆದು ನಿಲ್ಲಿಸುತ್ತಿತ್ತು. ನನ್ನ ಕೈಯಲ್ಲಿದ್ದ ಹಿಡಿಕೆಗಳು ನಡುಗಬಲ್ಲವು, ತಡೆಯಲಾರವು.

ನಾಲ್ಕು ಭಾನುವಾರಗಳಲ್ಲಿ ಕೈ ತಕ್ಕಮಟ್ಟಿಗೆ ಪಳಗಿತು. ಐದನೆಯದರಂದು ಹುಡುಗ, “ಹಂಪಿಯ ಲಕ್ಷ್ಮಿಯನ್ನು ನೀವೇಕೆ ಮತ್ತೆ ಕೂರಿಸಬಾರದು?” ಎಂದು ಕೇಳಿದ. ನಾನು ಉತ್ಸಾಹದಿಂದಲೇ ಒಪ್ಪಿದೆ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. 1528ರಲ್ಲಿ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಈ ಮೂರ್ತಿಯ ಎತ್ತರ ಸುಮಾರು 6.7 ಮೀಟರು. 1565ರ ಯುದ್ಧದಲ್ಲಿ ವಿಜಯನಗರ ಸೋತ ಬಳಿಕ ಅದು ಭಗ್ನವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. 1980ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಮೊಣಕಾಲುಗಳನ್ನು ಬಿಗಿದ ಯೋಗಪಟ್ಟಿಯನ್ನು ಮರಳಿ ಕೂಡಿಸಿದರು. ಲಕ್ಷ್ಮಿಯನ್ನು ಹೊಸದಾಗಿ ಕಡೆದು ಕೂರಿಸಲಿಲ್ಲ. ಸ್ಮಾರಕಗಳ ಸಂರಕ್ಷಣೆಗೆ ದಾರಿ ತೋರುವ 1964ರ ವೆನಿಸ್ ಸನ್ನದಿನ ಒಂದು ತತ್ತ್ವವು ಇಂಥ ಸಂದರ್ಭಕ್ಕೇ ಹೇಳಿದಂತಿದೆ: ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು.

ನಾನು ಕುಳಿತ ದೇವಿಯೊಬ್ಬಳನ್ನು ಮಾಡಿದೆ. ಕಿರೀಟವಿಟ್ಟೆ, ಕೈಗೆ ಕಮಲ ಕೊಟ್ಟೆ, ಮುಖವನ್ನು ಪತಿಯ ಕಡೆ ತುಸು ತಿರುಗಿಸಿದೆ. ಮುಗಿದಾಗ ಹುಡುಗ ಮೆಚ್ಚಿ, “ಇದನ್ನು ಎಲ್ಲರಿಗೂ ಕಳುಹಿಸುತ್ತೇನೆ, ಮೂಲ ಲಕ್ಷ್ಮಿ ಹೀಗಿದ್ದಳು ಎಂದು ಬರೆಯಲೇ?” ಎಂದ. ನನಗೆ ಎದೆ ಝಲ್ಲೆಂದಿತು. ಕಮಲವನ್ನು ನಾನು ಎಲ್ಲಿಂದ ತಂದೆ? ಆ ಮುಖ ಯಾರದು? ಯೋಚಿಸಿ ನೋಡಿದರೆ, ನಮ್ಮ ಮನೆಯ ದೇವರ ಕೋಣೆಯ ಕ್ಯಾಲೆಂಡರಿನ ಲಕ್ಷ್ಮಿಯ ಮುಖ! ವಿಜಯನಗರದ ಶಿಲ್ಪಿಯ ಹೆಸರಿನಲ್ಲಿ ಕ್ಯಾಲೆಂಡರನ್ನು ದಾಟಿಸಲು ನಾನು ಸಿದ್ಧನಾಗಿದ್ದೆ. ಮೂವತ್ತು ವರ್ಷ “ಆಧಾರ ಎಲ್ಲಿ?” ಎಂದು ನಿಮ್ಮನ್ನು ಗದರಿಸಿದವನು ನಾನೇ.

ಹಾಗೆಂದು ಊಹಿಸುವುದೇ ಅಪರಾಧವೆಂದು ನಾನು ಹೇಳಲಾರೆ. ನಮ್ಮ ಹುಬ್ಬಳ್ಳಿಯವರೇ ಇದರಲ್ಲಿ ಕೆಲಸ ಮಾಡಿದ್ದಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಹಂಪಿಯನ್ನು ಗಣಕದಲ್ಲಿ ದಾಖಲಿಸುವ ಯೋಜನೆಯನ್ನು ಕೈಗೊಂಡಾಗ, ಅದರಲ್ಲಿ ಪಾಲುಗೊಂಡ ಸಂಸ್ಥೆಗಳಲ್ಲಿ ವಿದ್ಯಾನಗರದ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜೂ ಒಂದು. 1947ರಲ್ಲಿ ಆರಂಭವಾದ ಆ ಕಾಲೇಜು 2015ರಲ್ಲಿ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಆ ಯೋಜನೆಯ ಫಲಗಳನ್ನು ಹೇಳುವ ‘ಡಿಜಿಟಲ್ ಹಂಪಿ’ ಎಂಬ ಇಂಗ್ಲಿಷ್ ಗ್ರಂಥ 2017ರಲ್ಲಿ ಪ್ರಕಟವಾಗಿದೆ. ಹಲವು ಕೋನಗಳ ಛಾಯಾಚಿತ್ರಗಳಲ್ಲಿ ಒಂದೇ ಬಿಂದುವನ್ನು ಹುಡುಕಿ ಹೊಂದಿಸಿ ಘನರೂಪವನ್ನು ಕಟ್ಟುವುದು, ಶಿಥಿಲವಾದ ಭಾಗಗಳನ್ನು ಗಣಕದಲ್ಲಿ ತುಂಬುವುದು ಇಂಥ ವಿದ್ಯೆಯ ಅಂಗಗಳು. ಗಣಕದಲ್ಲಿ ಏನು ತುಂಬಿದರೂ ಕಲ್ಲಿಗೆ ನೋವಾಗುವುದಿಲ್ಲ, ಅದೊಂದು ದೊಡ್ಡ ಉಪಕಾರ. ಆದರೆ ನೋಡುವವನಿಗೆ ಸತ್ಯ ಯಾವುದು, ಊಹೆ ಯಾವುದು ಎಂಬುದು ತಿಳಿಯಬೇಕು. 2006ರಲ್ಲಿ ರೂಪುಗೊಂಡ ಲಂಡನ್ ಸನ್ನದು ಗಣಕಚಿತ್ರಗಳ ವಿಷಯದಲ್ಲಿ ಕೇಳುವುದೂ ಇದನ್ನೇ.

ಆದ್ದರಿಂದ ನಾನು ಲಕ್ಷ್ಮಿಯನ್ನು ಅಳಿಸಲಿಲ್ಲ. ಈ ತಂತ್ರಾಂಶದಲ್ಲಿ ಮೂರ್ತಿಯನ್ನು ಬೇರೆ ಬೇರೆ ಪದರಗಳಲ್ಲಿ ಇಡಬಹುದು. ಇಂದಿಗೂ ಕಾಣುವ ತೊಡೆ, ಬೆನ್ನು ಮತ್ತು ಆ ಕೈಯನ್ನು ಕಲ್ಲಿನ ಬಣ್ಣದ ಪದರದಲ್ಲಿ ಒರಟಾಗಿ ಮಾಡಿದೆ. ನನ್ನ ದೇವಿಯನ್ನು ಮತ್ತೊಂದು ಪದರಕ್ಕೆ ಸರಿಸಿ ತಿಳಿನೀಲಿ ಬಳಿದೆ. ಹುಡುಗನಿಗೆ ಹೇಳಿದೆ: “ಕಳುಹಿಸು. ಆದರೆ ನೀಲಿಯದು ಅಜ್ಜನ ಊಹೆ ಎಂದು ಬರೆ.” ಅವನಿಗೆ ಸ್ವಲ್ಪ ನಿರಾಸೆಯಾಯಿತು. ಆಮೇಲೆ ಕನ್ನಡಕವನ್ನು ತಾನೇ ಧರಿಸಿ ನೀಲಿಯ ಪದರವನ್ನು ಮರೆಮಾಡಿದ. ತೊಡೆ ಬರಿದಾಯಿತು, ಕೈಯೊಂದೇ ಉಳಿಯಿತು. ಬಹಳ ಹೊತ್ತು ಅವನು ಮಾತಾಡಲಿಲ್ಲ.

ಶಿಷ್ಯರಲ್ಲಿ ಒಂದು ಕೋರಿಕೆ. ಆ ಪ್ರವಾಸಗಳಲ್ಲಿ ತೆಗೆದ ಹಂಪಿಯ ಚಿತ್ರಗಳು ನಿಮ್ಮ ಹಳೆಯ ಆಲ್ಬಮ್ಮುಗಳಲ್ಲಿದ್ದರೆ ಎಸೆಯಬೇಡಿ. ನಿಮ್ಮ ಮುಖದ ಹಿಂದೆ ನಿಂತಿರುವ ಕಂಬ, ಕೋಷ್ಠ, ಗೋಡೆಗಳು ಆ ವರ್ಷ ಹೇಗಿದ್ದವು ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ. ಚಿತ್ರದ ಬೆನ್ನಿಗೆ ಇಸವಿ ಬರೆದಿಡಿ.