ಟಿಲ್ಲರ್ ಎಷ್ಟು ಉದ್ದವಿರಬೇಕು?

ಏಳೆಂಟು ಮೀಟರ್ ಉದ್ದದ ಹಾಯಿದೋಣಿಯಲ್ಲಿ ಜನ ಕೂರುವ ಕಾಕ್‌ಪಿಟ್ ಎಂಬ ತಗ್ಗು ಬಹಳ ಇಕ್ಕಟ್ಟಿನದು. ಚುಕ್ಕಾಣಿಯ ತಲೆಗೆ ಸಿಕ್ಕಿಸಿದ ಕೋಲು, ಅಂದರೆ ಟಿಲ್ಲರ್, ಒಂದು ಮೀಟರ್ ಉದ್ದವಿದ್ದು ಎಡಕ್ಕೂ ಬಲಕ್ಕೂ 35 ಡಿಗ್ರಿ ಹೊರಳಿದರೆ ಅದರ ತುದಿ ಸುಮಾರು 1.15 ಮೀಟರ್ ಅಗಲದ ಜಾಗವನ್ನು ಗುಡಿಸುತ್ತದೆ. ನಾಲ್ವರು ಕೂತರಂತೂ ಒಬ್ಬರ ಮೊಣಕಾಲನ್ನೂ ಅದು ಬಿಡುವುದಿಲ್ಲ. ಕತ್ತರಿಸಿ ಗಿಡ್ಡ ಮಾಡಿದರೆ ಜಾಗ ದಕ್ಕುತ್ತದೆ, ಸನ್ನೆಯ ಬಲ ಹೋಗುತ್ತದೆ. ಈ ಜಗ್ಗಾಟವನ್ನು ದೋಣಿ ಇಟ್ಟವರು ಸಾಮಾನ್ಯವಾಗಿ ಕೋಲಿನ ಸಮಸ್ಯೆಯೆಂದೇ ಎಣಿಸಿ ಗರಗಸ ಹುಡುಕುತ್ತಾರೆ. ಚುಕ್ಕಾಣಿ ಬೆಳೆದುಬಂದ ಬಗೆಯನ್ನು ನೋಡಿದರೆ ಗಂಟು ಇರುವುದು ನೀರಿನೊಳಗಿನ ಹಲಗೆಯಲ್ಲಿ ಎಂದು ನನಗನ್ನಿಸುತ್ತದೆ.

ನಾರ್ವೆಯಲ್ಲಿ 1904ರಲ್ಲಿ ಅಗೆದು ತೆಗೆದ ಒಂಬತ್ತನೆಯ ಶತಮಾನದ ಓಸೆಬರ್ಗ್ ಹಡಗಿನ ಚುಕ್ಕಾಣಿ ಹಿಂತುದಿಯಲ್ಲಿಲ್ಲ, ಬಲಮಗ್ಗುಲಲ್ಲಿದೆ. ಇಂಥ ಪಕ್ಕದ ಚುಕ್ಕಾಣಿಯ ಹಲಗೆ ತಿರುಗುವ ಅಕ್ಷದ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಿರುತ್ತದೆ. ಹಿಂದಿನ ಭಾಗವನ್ನು ನೀರು ಒಂದು ಕಡೆಗೆ ದೂಡಿದರೆ ಮುಂದಿನ ಭಾಗ ಅದನ್ನು ಸರಿದೂಗಿಸುತ್ತದೆ, ಹಿಡಿದವನ ಕೈಗೆ ಉಳಿಕೆಯಷ್ಟೇ ಬರುತ್ತದೆ. 1893ರಲ್ಲಿ ಅದೇ ಬಗೆಯ ಗೋಕ್‌ಸ್ಟಾಡ್ ಹಡಗಿನ ಪ್ರತಿಕೃತಿಯನ್ನು ಅಟ್ಲಾಂಟಿಕ್ ದಾಟಿಸಿದ ಮಾಗ್ನುಸ್ ಆಂಡರ್ಸನ್, ಒಬ್ಬನೇ ಆಳು ಅದರ ಚುಕ್ಕಾಣಿಯನ್ನು ಸಲೀಸಾಗಿ ನಡೆಸಬಲ್ಲ ಎಂದು ಬೆರಗಿನಿಂದಲೇ ವರದಿ ಮಾಡಿದ. ಚೀನಾದ ಹಡಗು ಕಟ್ಟುವವರೂ ಅಕ್ಷದ ಮುಂದೆ ಒಂದಿಷ್ಟು ಹಲಗೆ ಬಿಡುವ ಉಪಾಯವನ್ನು ಬಲ್ಲವರಾಗಿದ್ದರು. ಹಲಗೆಯಲ್ಲಿ ವಜ್ರಾಕಾರದ ತೂತು ಕೊರೆದು ತಿರುಗಿಸುವ ಶ್ರಮವನ್ನು ಇನ್ನಷ್ಟು ತಗ್ಗಿಸುತ್ತಿದ್ದರು. ಯುರೋಪಿನಲ್ಲಿ ಹನ್ನೆರಡನೆಯ ಶತಮಾನದ ಹೊತ್ತಿಗೆ ಚುಕ್ಕಾಣಿ ಹಿಂಗಂಬಕ್ಕೆ ಬಂತು. ಬಾಗಿಲನ್ನು ಚೌಕಟ್ಟಿಗೆ ತಗಲಿಸಿದಂತೆ ಅದನ್ನು ಕಬ್ಬಿಣದ ಕೊಂಡಿಗಳಿಂದ ತೂಗುಹಾಕಿದರು. ಗಟ್ಟಿಮುಟ್ಟಾದ ವ್ಯವಸ್ಥೆ, ನಿಜ. ಆದರೆ ಇಡೀ ಹಲಗೆ ಅಕ್ಷದ ಹಿಂದೆ ಬಿತ್ತು, ಸಮತೋಲ ಕಳೆದುಹೋಯಿತು. ಅಲ್ಲಿಂದ ಮುಂದಿನ ಹಲವು ಶತಮಾನಗಳ ಜಾಣ್ಮೆಯೆಲ್ಲ ಆ ಕಳೆದದ್ದಕ್ಕೆ ಕಟ್ಟಿದ ದಂಡ. ಟಿಲ್ಲರ್ ಉದ್ದವಾಗುತ್ತ ಹೋಯಿತು. ಅದು ಅಟ್ಟದ ಕೆಳಗೆ ಸೇರಿದಾಗ ಅದನ್ನು ಮೇಲಿನಿಂದ ಆಡಿಸಲು ಲಂಬವಾದ ಇನ್ನೊಂದು ಸನ್ನೆಕೋಲು ಬೇಕಾಯಿತು. 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗಿನಲ್ಲಿ ಅಂಥದೇ ಇತ್ತು, ಅದರಿಂದ ಚುಕ್ಕಾಣಿ ಹೊರಳುತ್ತಿದ್ದುದು ಕೆಲವೇ ಡಿಗ್ರಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಹಗ್ಗ, ರಾಟೆಗಳ ಜೊತೆ ಚಕ್ರ ಬಂತು. ಇಷ್ಟಾದರೂ ಹಲಗೆಯತ್ತ ಗಮನ ಹರಿಸಿದವರು ವಿರಳ. 1843ರಲ್ಲಿ ಇಸಂಬಾರ್ಡ್ ಬ್ರೂನೆಲ್ ತನ್ನ ಗ್ರೇಟ್ ಬ್ರಿಟನ್ ಉಗಿಹಡಗಿಗೆ ಸಮತೋಲದ ಚುಕ್ಕಾಣಿ ಹಾಕಿದ್ದು ಒಂದು ರೀತಿಯಲ್ಲಿ ಹಳೆಯದಕ್ಕೇ ಮರಳಿದ್ದು.

ವಿಹಾರದ ಹಾಯಿದೋಣಿಗಳಿಗೆ ಈ ತಿಳಿವಳಿಕೆ ತಡವಾಗಿ ತಲುಪಿತು. 1942ರ ಫೋಕ್‌ಬೋಟ್ ಎಂಬ ದೋಣಿಯಲ್ಲಿ ಚುಕ್ಕಾಣಿ ಇನ್ನೂ ತಳದ ಉದ್ದನೆಯ ಬೆನ್ನೆಲುಬಿನ, ಅಂದರೆ ಕೀಲಿನ, ಹಿಂಬದಿಗೇ ಅಂಟಿಕೊಂಡಿತ್ತು. 1963ರಲ್ಲಿ ಬಿಲ್ ಲ್ಯಾಪ್‌ವರ್ತ್ ವಿನ್ಯಾಸದ ಕ್ಯಾಲ್ 40 ದೋಣಿ ಚುಕ್ಕಾಣಿಯನ್ನು ಕೀಲಿನಿಂದ ಬೇರ್ಪಡಿಸಿ, ಸಲಿಕೆಯಂತೆ ಒಂಟಿಯಾಗಿ ಹಿಂದೆ ಇಳಿಬಿಟ್ಟಿತು. ಆಗ ಅಕ್ಷವನ್ನು ಬೇಕಾದಲ್ಲಿ ಇಡುವ ಸ್ವಾತಂತ್ರ್ಯ ಸಿಕ್ಕಿತು. ಅದರ ಬೆಲೆಯನ್ನು ಲೆಕ್ಕದಲ್ಲಿ ನೋಡಬಹುದು. 0.3 ಚದರ ಮೀಟರ್ ವಿಸ್ತೀರ್ಣದ, 40 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ 6 ನಾಟ್ ವೇಗದಲ್ಲಿ, ಬಿಗಿಯಾದ ತಿರುವಿನಲ್ಲಿ, ಸುಮಾರು 75 ಕಿಲೋ ತೂಕದಷ್ಟು ಅಡ್ಡಬಲ ಬೀಳುತ್ತದೆ. ಆ ಬಲದ ಕೇಂದ್ರ ಮುಂದಿನ ಅಂಚಿನಿಂದ ಕಾಲು ಅಗಲದಷ್ಟು, ಅಂದರೆ 10 ಸೆಂಟಿಮೀಟರ್ ಹಿಂದಿರುತ್ತದೆ. ಅಕ್ಷ ಮುಂದಿನ ಅಂಚಿನಲ್ಲೇ ಇದ್ದರೆ ಒಂದು ಮೀಟರಿನ ಟಿಲ್ಲರಿಗೆ ಏಳೂವರೆ ಕಿಲೋ ಎಳೆತ. ಅದನ್ನು 70 ಸೆಂಟಿಮೀಟರಿಗೆ ಕತ್ತರಿಸಿದರೆ ಹತ್ತೂಮುಕ್ಕಾಲು ಕಿಲೋ. ಈಗ ಕೋಲಿಗೆ ಕೈಹಚ್ಚದೆ ಹಲಗೆಯನ್ನು ಅಕ್ಷದಿಂದ 6 ಸೆಂಟಿಮೀಟರ್ ಮುಂದಕ್ಕೆ ತನ್ನಿ: ಸನ್ನೆಯ ತೋಳು 4 ಸೆಂಟಿಮೀಟರಿಗೆ ಇಳಿಯುತ್ತದೆ, ಉದ್ದನೆಯ ಕೋಲಿನ ಎಳೆತ ಮೂರು ಕಿಲೋ ಆಗುತ್ತದೆ. ಅದೇ ಹಲಗೆಗೆ ಗಿಡ್ಡ ಕೋಲು ಹಾಕಿದರೂ ಸುಮಾರು ನಾಲ್ಕೂಕಾಲು ಕಿಲೋ ಅಷ್ಟೆ. ಜಾಗವೂ ಸಿಕ್ಕಿತು, ಮೊದಲಿಗಿಂತ ಹಗುರವೂ ಆಯಿತು. ಒಬ್ಬರೇ ಭೂಮಿ ಸುತ್ತುವ ವಾಂದೇ ಗ್ಲೋಬ್ ಸ್ಪರ್ಧೆಯ 18 ಮೀಟರಿನ ಎಷ್ಟೋ ದೋಣಿಗಳಲ್ಲಿ ಇಂದಿಗೂ ಟಿಲ್ಲರೇ ಇದೆ ಎಂಬುದು ಹಲಗೆ ಸರಿಯಿದ್ದರೆ ಕೋಲು ಸಾಕು ಎನ್ನುವುದಕ್ಕೆ ಪುರಾವೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮುಖ್ಯವಾದದ್ದು ಸ್ಪರ್ಶದ್ದು. ಎಳೆತ ತೀರಾ ಇಲ್ಲವಾದರೆ ದೋಣಿ ಏನು ಹೇಳುತ್ತಿದೆಯೆಂದು ಕೈಗೆ ತಿಳಿಯುವುದಿಲ್ಲ ಎನ್ನುತ್ತಾರೆ ಅನುಭವಿಗಳು. ಸರಿಯಾದ ಮಾತು, ಅದರ ಜೊತೆಗೆ ಅಪಾಯವೂ ಇದೆ: ಅಕ್ಷ ಕಾಲು ಅಗಲವನ್ನು ದಾಟಿ ಹಿಂದೆ ಹೋದರೆ ಚುಕ್ಕಾಣಿ ತಾನೇ ಒಂದು ಮಗ್ಗುಲಿಗೆ ಹೊರಳಿ ಕೋಲನ್ನು ಕಸಿದುಕೊಳ್ಳುತ್ತದೆ. ಆದರೆ ಇದು ಅಳತೆಯ ಪ್ರಶ್ನೆ. ಅಕ್ಷದ ಮುಂದಿನ ಭಾಗ ಅಗಲದ ಹದಿನೈದು ಪ್ರತಿಶತದ ಆಸುಪಾಸಿನಲ್ಲಿ ನಿಂತರೆ ಸ್ಪರ್ಶ ಉಳಿಯುತ್ತದೆ. ಚಕ್ರ ಹಾಕಿದರೆ ಎಲ್ಲ ಮುಗಿಯಿತಲ್ಲ ಎಂಬ ಇನ್ನೊಂದು ವಾದ ನನಗೆ ಹಿಡಿಸದು. ಚಕ್ರಕ್ಕೆ ಕಂಬ ಬೇಕು, ಆ ಕಂಬ ಕಾಕ್‌ಪಿಟ್ಟಿನ ನಡುವೆ ಶಾಶ್ವತವಾಗಿ ನೆಲೆಸುತ್ತದೆ. ಚಕ್ರವನ್ನು ಚುಕ್ಕಾಣಿಗೆ ಜೋಡಿಸುವ ತಂತಿ ಕಡಿದರೆ ಹುಡುಕಬೇಕಾದದ್ದು ತುರ್ತು ಟಿಲ್ಲರನ್ನೇ.

ಹಲಗೆ ಕೀಲಿಗೋ ಹಿಂಗಂಬಕ್ಕೋ ಕಟ್ಟುಬಿದ್ದ ಹಳೆಯ ದೋಣಿಗಳವರಿಗೆ ಈ ದಾರಿ ಇಲ್ಲವೆಂಬ ಆಕ್ಷೇಪ ಮಾತ್ರ ನಿಜಕ್ಕೂ ತೂಕದ್ದು. ಅವರು ಮೊದಲು ಹಾಯಿಯತ್ತ ನೋಡಬೇಕು. ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ಸುಹೈಲಿ ದೋಣಿಯಲ್ಲಿ 1968-69ರಲ್ಲಿ ಒಂಟಿಯಾಗಿ ಭೂಮಿ ಸುತ್ತಿದ ರಾಬಿನ್ ನಾಕ್ಸ್-ಜಾನ್‌ಸ್ಟನ್, ಸ್ವಯಂಚಾಲಕ ಸಾಧನ ಕೆಟ್ಟ ಮೇಲೆ ಹಾಯಿಗಳನ್ನೇ ಹೊಂದಿಸಿ ದೋಣಿ ತಾನಾಗಿ ನೇರ ಹೋಗುವಂತೆ ಮಾಡಿದ. ದೊಡ್ಡ ಹಾಯಿಯನ್ನು ಸ್ವಲ್ಪ ಮಡಚಿದರೂ ಗಾಳಿಯತ್ತ ಮೂತಿ ತಿರುಗಿಸುವ ದೋಣಿಯ ಹಟ ಇಳಿಯುತ್ತದೆ, ಅದರೊಂದಿಗೆ ಕೋಲಿನ ಎಳೆತವೂ. ಉಳಿದದ್ದು ಬಡಗಿಯ ಕೆಲಸ. ಲಂಗರು ಹಾಕಿದಾಗ ಕೋಲನ್ನು ಮೇಲಕ್ಕೆ ಎತ್ತಿ ನಿಲ್ಲಿಸಲು ಬುಡದಲ್ಲಿ ತಿರುಗಣಿ. ಮೊಣಕಾಲಿನ ಮೇಲಿಂದ ಹಾಯುವಂತೆ ತೆಳು ಪಟ್ಟಿಗಳನ್ನು ಅಂಟಿಸಿ ಬಾಗಿಸಿದ ಕೋಲು. ಅಂಚಿನಲ್ಲಿ ಕೂತು ಹಿಡಿಯಲು ಟಿಲ್ಲರಿನ ತುದಿಗೆ ಜೋಡಿಸುವ ಸಪೂರ ಕಿರುಗೋಲು. ಕಡೆಯದು ಸನ್ನೆಯ ಬಲವನ್ನು ಹೆಚ್ಚಿಸುವುದಿಲ್ಲ, ಕೂರುವ ಜಾಗವನ್ನಷ್ಟೇ ಬದಲಿಸುತ್ತದೆ. ಅದನ್ನು ಗಿಡ್ಡ ಟಿಲ್ಲರಿಗೆ ಪರಿಹಾರವೆಂದು ಕೊಳ್ಳುವವರು ನಿರಾಶರಾಗುತ್ತಾರೆ. ಏನೇ ಮಾಡುವ ಮುನ್ನ ಕೋಲಿನ ತುದಿಗೆ ಒಂದು ಸ್ಪ್ರಿಂಗ್ ತಕ್ಕಡಿ ಕಟ್ಟಿ, ಜೋರು ಗಾಳಿಯ ದಿನ ಎಳೆತವನ್ನು ಅಳೆದು ಬರೆದಿಟ್ಟುಕೊಳ್ಳಿ. ದೋಣಿಯ ವೇಗ ಇಮ್ಮಡಿಯಾದರೆ ಆ ಅಂಕಿ ನಾಲ್ಕು ಪಟ್ಟಾಗುತ್ತದೆ.